ಮೂರು ಬಡಿತ

ಮೊದಲು ಕಂಬ ನೆಟ್ಟಗಿರಬೇಕು.
ಮಿಕ್ಕಿದ್ದೆಲ್ಲ ಆಮೇಲೆ.
ತೂಗುಗುಂಡು ಬಿಟ್ಟು ನಾಲ್ಕೂ ಕಡೆಯಿಂದ ನೋಡಿದೆ,
ಒಂದು ಕಣ್ಣು ಮುಚ್ಚಿ,
ದಾರ ಅಲ್ಲಾಡುವುದು ನಿಲ್ಲುವತನಕ ಬೀಡಿ ಹಚ್ಚದೆ.

ಆರಡಿಯ ಜಾಲರಿ ಡಿಶ್ಶು. ಮುದಗಲ್ಲಿನ ಕೇಬಲ್ ಬಾಷುಮಿಯಾ
ಅಂಗಡಿ ಎತ್ತುವಾಗ ಗುಜರಿ ತೂಕಕ್ಕೆ ಕೊಟ್ಟದ್ದು.
ಕಾಲು ಕುಂಟಿತ್ತು, ಮೋಟಾರಿನ ತೋಳಿನೊಳಗೆ
ಗುಬ್ಬಿಯ ಹುಲ್ಲು, ಒಂದು ಒಡೆದ ಮೊಟ್ಟೆ.
"ಮುಫತ್ ಆಕಾಶ ಕಾಕಾ,
ತಿಂಗಳಾತಂದ್ರ ಯಾರೂ ಬಾಗಿಲಿಗೆ ಬರಂಗಿಲ್ಲ" ಅಂದ.
ಗ್ರೀಸಿಗೇ ನೂರಾ ಎಂಬತ್ತು ಆಯಿತು.

ಇನ್ನು ದಕ್ಷಿಣ.
ದಿಕ್ಸೂಚಿ ಈ ಮಾಳಿಗೆಯ ಮೇಲೆ ಸುಳ್ಳು ಹೇಳುತ್ತದೆ:
ನೀರಿನ ಟ್ಯಾಂಕು, ಪಕ್ಕದವರ ತಗಡು, ಸ್ಲ್ಯಾಬಿನೊಳಗಿನ ಸರಳು
ಎಲ್ಲಕ್ಕೂ ಮುಳ್ಳು ತಮ್ಮ ಕಡೆ ನೋಡಬೇಕೆಂಬ ಆಸೆ.
ಅದಕ್ಕೇ ನೆರಳನ್ನು ಕೇಳಿದೆ.
ಸಂಕ್ರಾಂತಿಯ ಆಸುಪಾಸು ಹಟ್ಟಿಯಲ್ಲಿ ನೆರಳು ತೀರಾ ಗಿಡ್ಡವಾಗುವುದು
ಹನ್ನೆರಡಕ್ಕಲ್ಲ, ಹನ್ನೆರಡೂವರೆಗೆ.
ಆ ಅರ್ಧ ತಾಸು
ದೇಶದ ಗಡಿಯಾರ ನಮ್ಮೂರ ಸೂರ್ಯನಿಗೆ ಕೊಡಬೇಕಾದ ಹಳೇ ಬಾಕಿ.
ನೆರಳಿನ ಮೇಲೆ ಸುಣ್ಣದ ಗೀರು ಎಳೆದೆ.

ಹದಿನಾರು ಡಿಗ್ರಿ ಅಚ್ಚನ್ನು ವಾಲಿಸಬೇಕು, ಅದು ಊರಿನ ಲೆಕ್ಕ.
ಆಮೇಲೆ ಡಿಶ್ಶಿನ ಕತ್ತು ಮಾತ್ರ ಇನ್ನೂ ಎರಡೂ ಮುಕ್ಕಾಲು:
ಸೊಸೆ ಮಾವನೆದುರು ತಗ್ಗುವಷ್ಟಲ್ಲ,
ಸೂಜಿಗೆ ದಾರ ಪೋಣಿಸುವವಳು ತಗ್ಗುವಷ್ಟು.
ಆಗ ಮೋಟಾರು ತಿರುಗಿದರೆ ಡಿಶ್ಶಿನ ಮುಖ
ಆಕಾಶದ ಕಮಾನನ್ನು ತಾನೇ ಸವರುತ್ತದೆ,
ಪೂರ್ವದಿಂದ ಏರಿ, ನೆತ್ತಿಗಿಂತ ತುಸು ಕೆಳಗೆ ಹಾದು, ಪಶ್ಚಿಮಕ್ಕೆ.

ಮೂವತ್ತೊಂದು ವರ್ಷ ಗಣಿಯಲ್ಲಿ ವೈಂಡರ್ ಓಡಿಸಿದವನು ನಾನು.
ಮಂದಿಯನ್ನು ಕೇಜಿನಲ್ಲಿ ಇಳಿಸಿದ್ದು, ಎತ್ತಿದ್ದು.
ಕೇಜು ನನಗೆಂದೂ ಕಾಣುತ್ತಿರಲಿಲ್ಲ.
ಆಳ ತೋರುವ ಮುಳ್ಳು, ಗಂಟೆ, ಅಷ್ಟೇ.
ಒಂದು: ನಿಲ್ಲಿಸು.
ಎರಡು: ಇಳಿಸು.
ಮೂರು: ಒಳಗೆ ಮಂದಿ ಇದ್ದಾರೆ, ಮೆಲ್ಲಗೆ.
ಒಂದು ರಾತ್ರಿ ಮೂರಕ್ಕೆ ಕಾದೆ, ಬೆಳಗಿನತನಕ.
ಅದನ್ನಿಲ್ಲಿ ಹೇಳುವುದಿಲ್ಲ.

ಎಂಜಿನ್ನು ನನ್ನ ಕಿವಿ ತಿಂದಿದೆ.
ಕೆಳಗೆ ಟೀವಿ ಮುಂದೆ ಅಮರಮ್ಮ, ಮೇಲೆ ಮೋಟಾರಿನ ಗುಂಡಿ ಹಿಡಿದ ನಾನು;
ಅವಳು ಬಂತು ಅಂದರೆ ನನಗೆ ಹೋತು ಎಂದು ಕೇಳಿಸಿ
ಬೆಳಗಿಡೀ ಜಗಳ.
ಮಧ್ಯಾಹ್ನದ ಹೊತ್ತಿಗೆ ನೀರಿನ ಪೈಪು ಹಿಡಿದು ಕುಂತಿದ್ದೆ,
ಅಂಗೈಗೆ ಬಡಿತ ಬಂತು. ಒಂದು.
ಬೆರಳು ತಾನಾಗಿ ಗುಂಡಿ ಬಿಟ್ಟಿತು.
ಟಣ್ ಟಣ್. ಎರಡು: ದಾಟಿ ಹೋಗಿದೆ, ಇಳಿಸು.
ಸೌಟಿನಿಂದ ಬಡಿಯುತ್ತಿದ್ದಾಳೆ.

ಇದನ್ನು ನಾನವಳಿಗೆ ಕಲಿಸಿರಲಿಲ್ಲ.
ನಿದ್ದೆಯಲ್ಲಿ ಮಂಚದ ಪಟ್ಟಿ ಬಡಿಯುತ್ತಿದ್ದೆನಂತೆ,
ಪಕ್ಕದಲ್ಲಿ ಎಚ್ಚರವಿದ್ದು ಎಣಿಸುತ್ತಿದ್ದಳಂತೆ, ಅಷ್ಟೂ ವರ್ಷ.

ಬೆರಳ ತುದಿಯಷ್ಟು ಪೂರ್ವಕ್ಕೆ.
ಒಂದು. ತಡೆದೆ.
ಎರಡು. ಹಿಂದಕ್ಕೆ, ಅರ್ಧ ಹಲ್ಲು.
ಮೂವತ್ತಾರು ಸಾವಿರ ಕಿಲೋಮೀಟರು. ಹಗ್ಗವಿಲ್ಲ.
ದೂರದಲ್ಲಿ ಶಾಫ್ಟಿನ ಮೇಲಿನ ಗಾಲಿ ತಿರುಗುತ್ತಿತ್ತು,
ಎರಡನೇ ಪಾಳಿ ಇಳಿಯುವ ಹೊತ್ತು,
ಈಗ ಗುಂಡಿಯ ಮುಂದೆ ಯಾರಿದ್ದಾರೋ.

ಪೈಪು ಸುಮ್ಮನಿತ್ತು.
ಬಹಳ ಹೊತ್ತು ಸುಮ್ಮನಿತ್ತು.

ಮೂರು.

ಕೈ ಮೆತ್ತಗಾಯಿತು. ನಟ್ಟು ಬಿಗಿಯಲು ಸ್ಪ್ಯಾನರ್ ಎತ್ತಿಕೊಂಡವನು
ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಂತೆ.

ಇಳಿದು ಬಂದಾಗ ಪರದೆಯ ತುಂಬ ಹಿಮ, ಹಿಮದ ನಡುವೆ
ಯಾವುದೋ ದೇಶದ ಅಡುಗೆಮನೆ, ತಲೆಗೆ ಬಟ್ಟೆ ಕಟ್ಟಿದ ಹೆಂಗಸು
ಪರಾತದಲ್ಲಿ ಹಿಟ್ಟು ನಾದುತ್ತ, ನಮಗೆ ತಿಳಿಯದ್ದನ್ನು
ನಮಗೇ ಹೇಳುತ್ತಿದ್ದಳು.
ಅಮರಮ್ಮ ಸೌಟು ಹಿಡಿದೇ ನಿಂತಿದ್ದಳು, ಕಣ್ಣು ಕೀಳದೆ.
"ನೀರು ಹೆಚ್ಚಾತು ನೋಡ್ರಿ ಆಕೀದು" ಅಂದಳು.